ಒಂದೇ ಪ್ರಶ್ನೆಯ ಮೇಡಂ

ಮೇಡಂ ಅವರ ಬಾಯಿಂದ ನೇರವಾದ ಉತ್ತರ ಹೊರಡಿಸುವುದಕ್ಕಿಂತ ಮರಳಿನಿಂದ ಎಣ್ಣೆ ಹಿಂಡುವುದು ಸುಲಭವೆಂದು ಸಂಶೋಧನಾ ಕೇಂದ್ರದವರೆಲ್ಲ ಒಪ್ಪಿದ್ದರು. "ಮಳೆ ಬರತ್ತಾ ಮೇಡಂ?" ಎಂದರೆ, ಸುರಿಯುವ ಮಳೆಯಲ್ಲಿ ತೊಪ್ಪೆಯಾಗಿ ನಿಂತುಕೊಂಡೇ "ನಿಮಗೇನನ್ನಿಸತ್ತೆ?" ಎನ್ನುವರು. ಮದುವೆಗೆ ಮುಂಚೆ "ನಾನು ಒಪ್ಪಿಗೆನಾ?" ಎಂದು ಕೇಳಿದ ಯಜಮಾನರಿಗೆ ಸಿಕ್ಕಿದ್ದೂ ಅದೇ ಮಾತಂತೆ, ಪಾಪ, ಇಬ್ಬರು ಮಕ್ಕಳ ತಂದೆಯಾದ ಮೇಲೂ ಅವರ ಅನುಮಾನ ಪರಿಹಾರವಾಗಿಲ್ಲ.

ಇದು ಕೊಬ್ಬಲ್ಲ, ಕಸುಬು ಕಲಿಸಿದ ಚಟ. ಮಕ್ಕಳು ವಿಜ್ಞಾನವನ್ನೂ ಗಣಿತವನ್ನೂ ಹೇಗೆ ಕಲಿಯುತ್ತಾರೆ, ಯಾವ ತಿರುವಿನಲ್ಲಿ ಕೈಬಿಡುತ್ತಾರೆ ಎಂದು ಪತ್ತೆಹಚ್ಚುವುದು ಮೇಡಂ ಅವರ ಕೆಲಸ. ಅದಕ್ಕಾಗಿ ಅವೇ ಮಕ್ಕಳನ್ನು, ಹಾಲುಹಲ್ಲು ಬೀಳುವ ಕಾಲದಿಂದ ಮೀಸೆ ಚಿಗುರುವವರೆಗೆ, ವರ್ಷವರ್ಷವೂ ಹುಡುಕಿಕೊಂಡು ಹೋಗಿ ಅವೇ ಪ್ರಶ್ನೆಗಳನ್ನು ಕೇಳುವರು. ಮನೆ ಬದಲಾಯಿಸಿದವರ ವಿಳಾಸವನ್ನು ಯಮನಾದರೂ ಮರೆತಾನು, ಮೇಡಂ ಮರೆಯರು. ಕೋಟಿನ ಬಲಜೇಬಿನಲ್ಲಿ ಕಬ್ಬಿಣದ ಗುಂಡು, ಎಡಜೇಬಿನಲ್ಲಿ ಅಷ್ಟೇ ಗಾತ್ರದ ಮರದ ಗುಂಡು. ಆ ಭಾರಕ್ಕೆ ಬಲಕ್ಕೆ ವಾಲಿದ ಅವರ ನಡಿಗೆ ಕಂಡು ಬೀದಿನಾಯಿಗಳೂ ಕತ್ತು ವಾಲಿಸಿಕೊಂಡು ದಾರಿ ಬಿಡುತ್ತಿದ್ದವು. "ಎರಡನ್ನೂ ಒಟ್ಟಿಗೆ ಬಿಟ್ರೆ ಯಾವುದು ಮೊದಲು ನೆಲ ಮುಟ್ಟತ್ತೆ?" ಮಗು ಏನೆಂದರೂ ಅವರ ಮುಖದ ಒಂದು ಗೆರೆಯೂ ಕದಲದು. ಸರಿತಪ್ಪು ಹೇಳಿಬಿಟ್ಟರೆ ಮರುವರ್ಷದ ಉತ್ತರ ಮಗುವಿನದಲ್ಲ, ತಮ್ಮದೇ. ತೂಗುವವನೇ ತಕ್ಕಡಿಗೆ ಬೆರಳು ಒತ್ತಿದಂತೆ.

ಆ ವ್ರತವನ್ನು ಮುರಿಸಿದವಳು ಇಸ್ತ್ರಿ ಅಂಗಡಿಯವನ ಮಗಳು. ಮೂರನೆಯ ತರಗತಿಯಲ್ಲಿ "ಎರಡೂ ಒಟ್ಟಿಗೇ" ಎಂದು ಥಟ್ಟನೆ ಹೇಳಿದ್ದವಳು ಮರುವರ್ಷ "ಕಬ್ಬಿಣ" ಎಂದಳು, ಆಮೇಲೆ "ಮರ" ಎಂದಳು, ಕೊನೆಗೆ "ಗೊತ್ತಿಲ್ಲ" ಎಂಬಲ್ಲಿ ನೆಲೆನಿಂತಳು. ಪ್ರತಿ ಮಗುವಿನ ಉತ್ತರವನ್ನು ವರ್ಷವರ್ಷವೂ ಗುರುತಿಸುತ್ತಿದ್ದ ಮೇಡಂ ಅವರ ನಕ್ಷೆಯಲ್ಲಿ ಅವಳ ಗೆರೆ ಇಳಿಯುತ್ತಲೇ ಹೋಯಿತು. ಇಳಿಸುತ್ತಿರುವುದು ಯಾವುದು? ಮನೆಯೇ, ಮೇಷ್ಟ್ರೇ, ಹುಡುಗಿಗೆ ಗಣಿತವೇಕೆ ಎನ್ನುವ ನೆಂಟರೇ? ಕುತೂಹಲ ಮೇಡಂ ಅವರನ್ನು ಊಟದ ನಡುವೆಯೂ ಕೊರೆಯುತ್ತಿತ್ತು.

ಅವಳ ಹತ್ತನೆಯ ತರಗತಿ ಮುಗಿದ ವರ್ಷ, ಕಾದ ಬಟ್ಟೆಯ ವಾಸನೆ ತುಂಬಿದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗುಂಡುಗಳು ಹೊರಬರುತ್ತಿದ್ದಂತೆಯೇ ಹುಡುಗಿ ಕೈಮುಗಿದಳು.

"ಸಾಕು ಆಂಟಿ. ನಾಳೆ ಕಾಲೇಜಿಗೆ ಯಾವ ವಿಷಯ ಅಂತ ಬರ್ದು ಕೊಡ್ಬೇಕು. ಗಣಿತ, ವಿಜ್ಞಾನ ಎರಡೂ ಬಿಟ್ಬಿಡ್ತೀನಿ. ನಂಗದು ತಲೆಗೆ ಹತ್ತಲ್ಲ."

"ಯಾಕೆ ಹಾಗನ್ನಿಸತ್ತೆ?"

"ಯಾಕಾ! ಮೊದಲನೇ ಸಲ ಸರಿಯಾಗೇ ಹೇಳ್ದೆ ಅಂದ್ಕೊಂಡಿದ್ದೆ. ಮರುವರ್ಷ ಬಂದು ಮತ್ತೆ ಅದನ್ನೇ ಕೇಳಿದ್ರಿ. ಮೇಷ್ಟ್ರು ಮತ್ತೆ ಕೇಳೋದು ಯಾವಾಗ ಹೇಳಿ, ತಪ್ಪಾದಾಗ ತಾನೇ? ಬದಲಾಯಿಸ್ದೆ. ಆಮೇಲೂ ಬಂದ್ರಿ! ಇಷ್ಟು ಓದಿರೋರು ವರ್ಷಾ ವರ್ಷಾ ಮನೆ ಹುಡುಕ್ಕೊಂಡು ಬರ್ತಾರೆ ಅಂದ್ರೆ ನಾನು ಅದೆಂಥಾ ದಡ್ಡಿ ಇರ್ಬೇಕು!"

"ಏಯ್, ದೊಡ್ಡೋರ ಹತ್ರ ಹಾಗಾ ಮಾತಾಡೋದು?" ಎಂದು ಅಪ್ಪ ಇಸ್ತ್ರಿಪೆಟ್ಟಿಗೆಯ ಹಿಂದಿನಿಂದ ಗದರಿದ.

ಗೆರೆಯನ್ನು ಇಳಿಸಿದ್ದು ಮನೆಯಲ್ಲ, ಮೇಷ್ಟ್ರಲ್ಲ, ನೆಂಟರೂ ಅಲ್ಲ. ವರ್ಷಕ್ಕೊಮ್ಮೆ ಬಾಗಿಲು ತಟ್ಟುತ್ತಿದ್ದ ತಮ್ಮದೇ ಕೈ. ಮೇಡಂ ಯಾವ ಮಗುವಿನ ಕೈಗೂ ಕೊಡದಿದ್ದ ಗುಂಡುಗಳನ್ನು ಅವಳ ಕೈಗಿಟ್ಟು, "ಬಿಟ್ಟು ನೋಡು" ಎಂದರು.

ನೆಲದಲ್ಲಿ ಒಂದೇ ಸದ್ದಾಯಿತು.

"ಮೊದಲನೇ ಸಲ ನೀನು ಹೇಳಿದ್ದೇ ಸರಿ ಕಣಮ್ಮ. ಮತ್ತೆ ಮತ್ತೆ ಕೇಳೋದು ನನ್ನ ಕೆಲಸದ ರೀತಿ. ನಿನ್ನ ತಪ್ಪಲ್ಲ."

"ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?" ಎನ್ನುತ್ತ ಹುಡುಗಿ ಮತ್ತೆ ಬೀಳಿಸಿದಳು, ಮತ್ತೆ ಬೀಳಿಸಿದಳು, "ನೆಲ ಪಾತಾಳಕ್ಕೆ ಇಳೀತು ಕಣೇ!" ಎಂದು ಅಪ್ಪ ಕೂಗುವವರೆಗೂ.

ಮರುದಿನ ಅವಳು ಗಣಿತವನ್ನೇ ಬರೆದುಕೊಟ್ಟಳು. ಅತ್ತ ಸಂಶೋಧನಾ ಕೇಂದ್ರದ ನಿರ್ದೇಶಕರು ತಲೆ ಚಚ್ಚಿಕೊಂಡರು. "ಒಂದು ಹುಡುಗಿಗೋಸ್ಕರ ಇಷ್ಟು ವರ್ಷದ ದತ್ತಾಂಶಕ್ಕೆ ಹುಳಿ ಹಿಂಡಿದ್ರಲ್ಲ ಮೇಡಂ!"

"ಅವಳನ್ನ ಲೆಕ್ಕದಿಂದ ತೆಗೀರಿ ಸಾರ್. ನಾವು ಯಾಕೆ ಮತ್ತೆ ಮತ್ತೆ ಬರ್ತೀವಿ ಅಂತ ಉಳಿದ ಮಕ್ಕಳು ಏನಂದ್ಕೊಂಡಿದ್ದಾರೋ, ಅದನ್ನ ಕೇಳ್ಕೊಂಡು ಬರ್ತೀನಿ" ಎಂದು ಮೇಡಂ ಹೊರಟೇಬಿಟ್ಟರು. ಏರತೊಡಗಿದ ಆ ಹುಡುಗಿಯ ಗೆರೆಯನ್ನು ಎಳೆಯುವ ಹಕ್ಕು ಮಾತ್ರ ಅವರಿಗೆ ಇನ್ನಿರಲಿಲ್ಲ.

ಬೆಳೆಯುವವರನ್ನು ದೂರ ನಿಂತು ನೋಡುವುದನ್ನೇ ಬಾಳಾಗಿಸಿಕೊಂಡ ಇಂಥವರದು ಒಂದು ನಿರ್ಮಲವಾದ ನಂಬಿಕೆ: ತಾವು ದಡದಲ್ಲಿದ್ದೇವೆ, ನೀರು ತನ್ನಷ್ಟಕ್ಕೆ ಹರಿಯುತ್ತಿದೆ ಎಂದು. ಆದರೆ ಅವರು ಮಕ್ಕಳನ್ನು ಅಳೆಯುವಷ್ಟು ಹೊತ್ತೂ ಮಕ್ಕಳು ಅವರ ಮುಖವನ್ನು ಓದುತ್ತಿರುತ್ತಾರೆ. ಅಲ್ಲಿ ಏನೂ ಬರೆದಿರದಿದ್ದರೆ, ತಮ್ಮ ಸೋಲನ್ನು ತಾವೇ ಬರೆದುಕೊಳ್ಳುತ್ತಾರೆ.