ಎಲ್ಫ್‌ಗಳ ಪೈಕಿ

ದಾಳ ಇನ್ನೂ ನಿಂತಿಲ್ಲ, ಇಪ್ಪತ್ತು ಮುಖದ ಹಸಿರು ದಾಳ, ಭಜಿಯ ಎಣ್ಣೆ ಹತ್ತಿದ ಕಾಗದದ ಮೇಲೆ ಉರುಳಿ ಭರತನ ಚಹಾ ಲೋಟಕ್ಕೆ ತಾಗಿ ವಾಪಸ್ಸು ಬರುತ್ತಿದೆ, ಬರಲಿ, ನಿಲ್ಲದೇ ಇರಲಿ, ಅದು ನಿಲ್ಲುವವರೆಗೆ ನಾನು ತಲೆ ಎತ್ತಬೇಕಾಗಿಲ್ಲ — ಎತ್ತಿದರೆ ಎದುರಿಗೆ ಅನುಶ್ರೀ, ನಮ್ಮ ಕೇರಿಯ ಕೆರಿಯಪ್ಪಣ್ಣನ ಮಗಳು, ಇಲ್ಲಿಗೆ ಹೇಗೆ ಬಂದಳು ಇವಳು, ಶಿರಸಿಯಲ್ಲಿ ಭಾನುವಾರ ಮಧ್ಯಾಹ್ನ ಕಳೆಯಲು ಬೇರೆ ಜಾಗವೇ ಇರಲಿಲ್ಲವೇ, ಐದು ರಸ್ತೆಯ ಹತ್ತಿರ ಔಷಧದಂಗಡಿಯ ಮೇಲಿನ ಈ ಕೋಣೆಗೇ ಬರಬೇಕಿತ್ತೇ. ಶಿಲ್ಪಾ ಕರೆತಂದದ್ದು, ಇಬ್ಬರೂ ಒಂದೇ ಶಾಲೆಯಲ್ಲಿ ಟೀಚರು, ಇವ್ರೂ ನಮ್ಮ ಜೋಡಿ ಆಡ್ತಾರಂತ, ಹೊಸಬ್ರು, ಸ್ವಲ್ಪ ಹೇಳಿಕೊಡ್ರಿ ಅಂದಳು ಶಿಲ್ಪಾ, ಬನವಾಸಿ ಕಡೆಯವಳು, ಅವಳ ದನಿ ಕೆಳಗೆ ಅಂಗಡಿಯವನಿಗೂ ಕೇಳಿಸಿರಬೇಕು. ಅನುಶ್ರೀ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನೋಡಿದಳು, ನನ್ನನ್ನು ಕಂಡು ಮುಖ ಅರಳಿತು, ಸಂಜಣ್ಣಾ ಅನ್ನಲು ಬಾಯಿ ತೆರೆದಳು — ನಾನು ನನ್ನ ಪಾತ್ರದ ಕಾಗದದಲ್ಲಿ ಏನೋ ಭಾರೀ ವಿಷಯ ಕಂಡವನಂತೆ ಕಣ್ಣು ಇಳಿಸಿದೆ. ತೆರೆದ ಬಾಯಿ ಹಾಗೇ ಮುಚ್ಚಿತು, ಅದೂ ನನಗೆ ಕಂಡಿತು, ಕಣ್ಣು ಇಳಿಸಿದವನಿಗೆ ಎಲ್ಲವೂ ಕಾಣುತ್ತದೆ.

ಆಟ ತಾನೇ ಇದು, ಬರೀ ಆಟ, ಭರತ್ ಕಥೆ ನಡೆಸುತ್ತಾನೆ, ನಾವು ಅದರೊಳಗಿನ ಪಾತ್ರಗಳು, ಏನು ಮಾಡುತ್ತೇವೆಂದು ಬಾಯಲ್ಲಿ ಹೇಳುವುದು, ಮಾಡಿದ್ದು ಫಲಿಸಿತೋ ಇಲ್ಲವೋ ದಾಳ ಹೇಳುತ್ತದೆ. ಅದಕ್ಕೂ ಮೊದಲು ಪ್ರತಿಯೊಬ್ಬರೂ ಒಂದು ಕುಲ ಆರಿಸಿಕೊಳ್ಳಬೇಕು, ಅದಕ್ಕೊಂದು ಹಿನ್ನೆಲೆ ಕಟ್ಟಬೇಕು. ಹೋದ ವರ್ಷ ನಾನು ಬಂದ ಮೊದಲ ದಿನ ಭರತ್ ಪೆನ್ನಿನ ಟೊಪ್ಪಿ ಕಚ್ಚಿಕೊಂಡು, ನೀನು ಎಂತ ಪೈಕಿ ಅಂತ ಕೇಳಿದ. ನಮ್ಮ ಕಡೆ ಆ ಪ್ರಶ್ನೆಗೆ ಅರ್ಥ ಒಂದೇ, ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕ ಕೇಳುವುದು ಅದನ್ನೇ, ಬಾಡಿಗೆ ಕೋಣೆಯ ಬೀಗ ತೆಗೆಯುವ ಮೊದಲು ಮನೆಯೊಡತಿ ಕೇಳುವುದೂ ಅದನ್ನೇ, ಜಾತಿ ಎಂಬ ಶಬ್ದ ನಾಲಗೆಗೆ ತಾಗಬಾರದು ಆದರೆ ತಿಳಿದುಕೊಳ್ಳದೆ ನಿದ್ದೆ ಬರುವುದಿಲ್ಲ, ಅದಕ್ಕೆ ಪೈಕಿ. ನಾವು... ಮಂಚಿಕೇರಿ ಹತ್ರ... ಗದ್ದೆ ಇದೆ... ಅಂತ ತೊದಲಿದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು, ಅದಲ್ದೋ ಮಾರಾಯ, ಎಲ್ಫೋ ಡ್ವಾರ್ಫೋ ಓರ್ಕೋ ಅಂತ ಕೇಳಿದ್ದು ಅಂದ ಭರತ್. ನಾನೂ ನಕ್ಕೆ, ಜೀವ ಉಳಿದವನ ನಗು, ಎಲ್ಫ್ ಅಂದೆ. ಚೂಪು ಕಿವಿಯ, ಬೆಳ್ಳಗೆ ತೆಳ್ಳಗಿನ, ಸಾವಿರ ವರ್ಷ ಬದುಕುವ ಜನ ಅವರು, ಯೋಚಿಸಲೇ ಇಲ್ಲ, ಊಟಕ್ಕೆ ಕೂತವನು ಎಲೆಯ ಮುಂದೆ ಕೈ ಚಾಚಿದಷ್ಟು ಸಲೀಸಾಗಿ ಎಲ್ಫ್ ಅಂದುಬಿಟ್ಟೆ. ಆ ವಾರವೇ ಹಿನ್ನೆಲೆ ಕಟ್ಟಿದೆ, ಬೆಳ್ಳಿ ಕಂಬದ ಮನೆ, ಏಳು ತಲೆಮಾರಿನ ಒಡೆತನ, ಕಣ್ಣು ಹಾಯುವಷ್ಟು ದೂರ ಹೊಲಗದ್ದೆ, ಮಣ್ಣು ಮುಟ್ಟಿ ಅಭ್ಯಾಸವಿಲ್ಲದ ಕೈ. ಇಷ್ಟು ಚೆಂದದ ಹಿನ್ನೆಲೆ ಆನು ಈವರೆಗೆ ಕೇಳಿದ್ನಿಲ್ಲೆ ಅಂದ ಭರತ್, ಹೊಗಳಿಕೆಗೆ ನಾನು ಸೋತುಹೋದೆ.

ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು, ಎಲ್ಫ್ ಆಟದಲ್ಲಿ, ನಾನು ಫ್ಲೆಕ್ಸ್ ಅಂಗಡಿಯಲ್ಲಿ, ಬೆಳಗಿಂದ ಸಂಜೆವರೆಗೆ ಊರವರ ಗೃಹಪ್ರವೇಶ ಹುಟ್ಟುಹಬ್ಬಗಳ ಫೋಟೋಕ್ಕೆ ಹೂವಿನ ಅಂಚು ಕೂರಿಸುವವನು. ಆದರೆ ನಾಲಗೆ ಸುಮ್ಮನಿರಲಿಲ್ಲ. ಭರತನದು ವಾನಳ್ಳಿ ಕಡೆಯ ತೋಟದ ಮನೆಯವರ ಮಾತು, ನಮ್ಮ ಕೇರಿಯಲ್ಲಿ ಯಾರೂ ಆಡದ್ದು, ನಾನು ಅನ್ನಲು ಆನು ಅನ್ನುತ್ತಾನೆ, ನನಗೆ ಅನ್ನಲು ಎಂಗೆ, ಇಲ್ಲ ಅನ್ನಲು ಇಲ್ಲೆ, ನಾನೂ ಮೊದಲು ತಮಾಷೆಗೆ ಆನು ಅಂದೆ, ಎಲ್ಫಿನ ಮಾತು ಹಾಗೆಯೇ ಇರಬೇಕು ಅನ್ನುವ ನೆಪದಲ್ಲಿ, ಆಮೇಲೆ ಚಹಾ ಕುಡಿಯುವಾಗಲೂ ಅಂದೆ, ಆಮೇಲೆ ಫೋನಿನಲ್ಲಿ. ಭರತನ ತಾಯಿ ಒಮ್ಮೆ ಫೋನು ಎತ್ತಿಕೊಂಡು ಯಾರು ಮಾತಾಡ್ತಿಪ್ಪುದು ಅಂದಾಗ ಆನು, ಸಂಜಯ ಅಂದೆ, ಓ ನಮ್ಮವನೇಯಾ ಅಂದರು, ಹೂಂ ಅನ್ನಲಿಲ್ಲ ನಾನು, ಅಲ್ಲ ಅಂತಲೂ ಅನ್ನಲಿಲ್ಲ, ನಕ್ಕೆ. ನೇರವಾಗಿ ಕೇಳಿದವರಿಗೆ ಸುಳ್ಳು ಹೇಳಿಲ್ಲವಲ್ಲ — ನನಗೆ ನಾನೇ ವಕೀಲ, ನನಗೆ ನಾನೇ ಜಡ್ಜ್, ಕೇಸು ಪ್ರತಿ ಸಲ ನಾನೇ ಗೆಲ್ಲುತ್ತೇನೆ. ಮನೆಗೆ ಹೋದ ಕೂಡಲೆ ನಾಲಗೆ ಸರಿಹೋಗುತ್ತದೆ, ಅಜ್ಜೀ, ನಾ ಬಂದೆ, ಯಂತಾ ಮಾಡಿದ್ಯೆ ಊಟಕ್ಕೆ.

ಅಜ್ಜಿ. ಇವತ್ತು ಅಜ್ಜಿಯನ್ನು ಈ ಮೇಜಿನ ಮೇಲೆ ತಂದು ಕೂರಿಸಿದಳಲ್ಲ ಅನುಶ್ರೀ. ಭರತ್ ಕುಲಗಳನ್ನೆಲ್ಲ ವಿವರಿಸಿದ ಮೇಲೆ, ಇದರಾಗೆ ಗಟ್ಟಿ ಯಾರು ಅಂತ ಕೇಳಿದಳು, ಓರ್ಕ್ ಅಂದ ಅವನು, ದಪ್ಪ ಚರ್ಮ, ಹೊರಗೆ ಚಾಚಿದ ಹಲ್ಲು, ಆದ್ರೆ ಯಾರೂ ತಗಳ್ತ್ವಿಲ್ಲೆ, ಚೆಂದ ಕಾಣ್ತಿಲ್ಲೆ ಅಂತ. ಹಂಗಾರೆ ನಾನು ಓರ್ಕ್ ಅಂದಳು, ಒಂದು ಗಳಿಗೆ ಕೂಡ ತಡೆಯಲಿಲ್ಲ. ಹಿನ್ನೆಲೆ ಎಂತದು ಅಂದರೆ, ನನ್ನ ಅಜ್ಜಿ ಓರ್ಕ್, ಎಲ್ಫ್ ಒಡೇರ ಗದ್ದೆ ಮಾಡ್ತಿದ್ದಳು, ರಾಜ ಒಂದು ಕಾನೂನು ತಂದ, ಗದ್ದೆ ಉಳುವವರಿಗೇ ಅಂತ, ವಿಚಾರಣೆಯ ದಿನ ಒಡೇರು ಕುರ್ಚಿ ಮೇಲೆ ಕೂತು, ಈ ಹೆಂಗಸು ನಮ್ಮ ಒಕ್ಕಲೇ ಅಲ್ಲ, ಯಾವಾಗೋ ಕೂಲಿಗೆ ಬಂದವಳು ಅಂದ್ರು, ಸಾಕ್ಷಿಗೆ ಅಂತ ಹೇಳಿದವರೆಲ್ಲ ಹೆದರಿ ಮನೇಲೇ ಉಳಿದಿದ್ರು. ಅವಳ ಕಥೆಯ ಎಲ್ಫಿನ ಕಿವಿಯ ಚೂಪು ಕತ್ತರಿಸಿ, ಓರ್ಕಿನ ಹಲ್ಲು ಒಳಗೆ ತಳ್ಳಿದರೆ ಅದು ಯಲ್ಲಾಪುರದ ಕಚೇರಿ, ಭೂಸುಧಾರಣೆಯ ಕಾಲ, ಕಂಕುಳಲ್ಲಿ ನನ್ನ ಅಪ್ಪನನ್ನು ಎತ್ತಿಕೊಂಡು ಒಬ್ಬಳೇ ನಿಂತವಳು ನಮ್ಮ ಹೊನ್ನಜ್ಜಿ, ನನ್ನ ಅಪ್ಪನ ಅವ್ವ. ಸಾಕ್ಷಿ ಎಲ್ಲಿ ಅಂತ ಕೇಳಿದ ಅಧಿಕಾರಿಯ ಎದುರು ಅಜ್ಜಿ ಮಗುವನ್ನು ಇಳಿಸಿ, ನೆಲದ ಮೇಲೆ ಕೂತು, ಕಾಲು ಚಾಚಿದಳು, ಒಣಗಿದ ಗದ್ದೆಯಂತೆ ಬಿರಿದ ಹಿಮ್ಮಡಿ, ಬಿರುಕಿನೊಳಗೆ ಕೆಂಪು ಮಣ್ಣು, ಈ ಹಿಮ್ಮಡಿ ಒಡೆದದ್ದು ಯಾರ ಗದ್ದೇಲಿ ಅಂತ ಒಡೇರನ್ನೇ ಕೇಳಿ ಸ್ವಾಮಿ, ಅನುಶ್ರೀ ತನ್ನ ಕಥೆ ನಿಲ್ಲಿಸಿದ್ದೂ ಅಲ್ಲಿಗೇ. ಒಡೇರು ಬಾಯಿ ಬಿಡಲಿಲ್ಲ. ಗದ್ದೆ ನಮ್ಮದಾಯಿತು, ಇವತ್ತಿಗೂ ನಾವು ಉಣ್ಣುವ ಅನ್ನ ಆ ಗದ್ದೆಯದೇ.

ಮೊದಲು ಬಂದದ್ದು ಸಿಟ್ಟು, ನಮ್ಮಜ್ಜಿಯನ್ನು ಓರ್ಕ್ ಮಾಡಲು ಇವಳು ಯಾರು, ಇವಳ ಅಜ್ಜಿಯನ್ನೇ ಮಾಡಿಕೊಳ್ಳಬಾರದಿತ್ತೇ, ಆ ಹಲ್ಲು, ಆ ಚರ್ಮ — ಆಮೇಲೆ ಅವಳು ನನ್ನ ಕಡೆ ನೋಡಿದಳು, ಕಣ್ಣಿನಲ್ಲಿ ಸಂತೋಷ, ಉಡುಗೊರೆ ಕೊಟ್ಟು ಬಿಚ್ಚುವುದನ್ನು ಕಾಯುವವರ ಸಂತೋಷ, ಆಗ ತಿಳಿಯಿತು. ಗಟ್ಟಿ ಯಾರು ಅಂತ ಕೇಳಿದ್ದು ಅದಕ್ಕೆ. ಈ ಜನರ ಮುಂದೆ ಹೆಸರು ಹೇಳಿ ಹೆಮ್ಮೆಪಡುವ ಅವಕಾಶವನ್ನು ನನಗಾಗಿ ತಂದಿದ್ದಳು, ಬಾಗಿಲಲ್ಲಿ ನಾನು ಗುರುತು ಹಿಡಿಯದಿದ್ದರೂ, ಏನೋ ನಾಚಿಕೆ ಇರಬೇಕು ಸಂಜಣ್ಣನಿಗೆ ಅಂತ ಬಗೆದು. ಸಂಜಯನದ್ದೂ ಮಂಚಿಕೇರಿ ಕಡೆಯೇ ಅಲ್ದಾ ಅಂತ ಶಿಲ್ಪಾ ಅಂದಳೋ ಭರತ್ ಅಂದನೋ, ನನಗೆ ಕೇಳಿಸಿದ್ದು ಭರತ್ ಮೇಜು ಗುದ್ದಿದ್ದು, ಆ ಎಲ್ಫ್ ಒಡೆಯ ನಮ್ಮ ಸಂಜಯನೇ ಅಂತ ಇಟ್ಕಂಡ್ರೆ ಹೆಂಗೆ, ಬೆಳ್ಳಿ ಕಂಬದ ಮನೆ, ಏಳು ತಲೆಮಾರು, ಸರಿಯಾಗಿ ಕೂಡ್ತು, ಸಂಜಯಾ, ಕುರ್ಚಿ ಮೇಲೆ ಕೂತಿದ್ದು ನೀನೇಯಾ, ಓರ್ಕ್ ಅಜ್ಜಿ ಕಾಲು ಚಾಚಿ ನಿನ್ನ ಎದುರಿಗೆ ಕೂತಿದ್ದು, ಎಂತ ಹೇಳ್ತೆ ಹೇಳು, ಮೊದಲು ದಾಳ ಹಾಕು. ಹಾಕಿದೆ. ಬೇಡ ಅನ್ನಬಹುದಿತ್ತು, ಹೊಟ್ಟೆನೋವು ಅನ್ನಬಹುದಿತ್ತು, ಬೆರಳು ತಾನಾಗಿ ಬಿಟ್ಟಿತು ದಾಳವನ್ನು, ಅದೀಗ ಉರುಳುತ್ತಿದೆ, ನಿಧಾನವಾಯಿತು, ಒಂದು ಮಗ್ಗುಲಿಗೆ ವಾಲಿತು, ನಿಂತಿತು.

ಹತ್ತೊಂಬತ್ತು. ಶಿಲ್ಪಾ ಚಪ್ಪಾಳೆ ಹೊಡೆದಳು, ಏನ್ ನಸೀಬ್ರೀ ನಿಮ್ದು, ಏನ್ ಹೇಳಿದ್ರೂ ನಡೀತದ ಈಗ. ಒಡೇರು ಆವತ್ತು ಬಾಯಿ ಬಿಟ್ಟಿರಲಿಲ್ಲ. ನನಗೂ ಬಾಯಿ ಬಿಡದೆ ಕೂರಲು ಆಗುತ್ತಿತ್ತು, ಎಲ್ಫ್ ಎದ್ದು ಓರ್ಕ್ ಅಜ್ಜಿಗೆ ಕೈಮುಗಿದ ಅನ್ನಲೂ ಆಗುತ್ತಿತ್ತು, ಆಟ ನನ್ನದು, ದಾಳ ನನ್ನದು, ಏನು ಹೇಳಿದರೂ ನಡೆಯುತ್ತಿತ್ತು, ಆದರೆ ಕೈಮುಗಿದರೆ ಇವರು ಯಾಕೆ ಅನ್ನುತ್ತಾರೆ, ಯಾಕೆ ಅಂದರೆ ನನ್ನ ಕಣ್ಣು ತುಂಬಬಹುದು, ತುಂಬಿದರೆ ತಿಳಿದುಬಿಡುತ್ತದೆ — ಕುತ್ತಿಗೆ ನೇರ ಮಾಡಿದೆ, ದನಿ ತಣ್ಣಗೆ ಮಾಡಿದೆ, ಈ ಹೆಂಗಸನ್ನು ನಾನು ನೋಡಿಯೇ ಇಲ್ಲ, ಇದರ ಕಾಲನ್ನು ಇಲ್ಲಿಂದ ತೆಗೆಸಿ ಅಂದೆ. ಇದರ. ಇವಳ ಅಂತಲೂ ಅನ್ನಲಿಲ್ಲ, ಇದರ ಅಂದೆ, ಎಲ್ಲಿತ್ತು ಆ ಮಾತು ನನ್ನೊಳಗೆ, ಅಷ್ಟು ಚೆನ್ನಾಗಿ ಹೇಗೆ ಬಂತು. ಅಬ್ಬಾ ಅಂದ ಭರತ್, ಮೈ ಜುಂ ಅಂತು ಮಾರಾಯ, ನಿನ್ನೊಳಗೆ ಒಬ್ಬ ಒಡೆಯ ಇದ್ದ. ಹಿಮ್ಮಡಿ ನನ್ನ ಕಣ್ಣ ಮುಂದೆ, ಬಿರುಕಿನೊಳಗಿನ ಕೆಂಪು ಮಣ್ಣು ಸಹಿತ.

ಖರೇ ಕಥಿ ಏನ್ರೀ ಇದು ಅಂತ ಶಿಲ್ಪಾ ಕೇಳಿದಳು ಅನುಶ್ರೀಯನ್ನು. ಹೌದು, ನಮ್ಮೂರಿಂದು, ಹೊನ್ನಜ್ಜಿ ಅಂತ, ಇನ್ನೂ ಇದ್ದಾರೆ. ಹೇಳಿ ಅನುಶ್ರೀ ಸುಮ್ಮನಾದಳು. ನನಗಾಗಿ ಜಾಗ ಬಿಟ್ಟು ಸುಮ್ಮನಾದದ್ದು ಅದು, ಇನ್ನೂ ಒಂದು ಸಲ, ಅಷ್ಟೆಲ್ಲ ಆದ ಮೇಲೂ. ಹೌದನಾ ಸಂಜಯಾ, ನಿಂಗೆ ಗೊತ್ತಿದ್ದಾ ಆ ಅಜ್ಜಿ, ಭರತನ ಕೈ ಭಜಿಯ ಮೇಲಿತ್ತು, ಅವನು ಕೇಳಿದ್ದು ಸುಮ್ಮನೆ, ನಮ್ಮಜ್ಜಿ ಅಂದಿದ್ದರೆ ಅಯ್ಯೋ ಹೌದನಾ, ಒಂದಿನ ಅವರನ್ನ ನೋಡಕ್ಕಲ ಅನ್ನುತ್ತಿದ್ದ, ಬಹುಶಃ ಅಷ್ಟೇ, ಆಕಾಶ ಬೀಳುತ್ತಿರಲಿಲ್ಲ, ಇನ್ನೊಂದು ಭಜಿ ತಿನ್ನುತ್ತಿದ್ದ. ಇಷ್ಟು ದಿನ ನಾನು ಹೆದರಿದ್ದು ಇವನಿಗೆ ಹೌದೋ ಅಲ್ಲವೋ ಎಂದೂ ಗೊತ್ತಿಲ್ಲ ನನಗೆ. ಎಂಗೆ ಗೊತ್ತಿಲ್ಲೆ ಅಂದೆ. ಅನುಶ್ರೀ ದಾಳವನ್ನು ಎತ್ತಿ, ಒರೆಸಿ, ಡಬ್ಬಿಯೊಳಗೆ ಹಾಕಿದಳು, ಮತ್ತೆ ನನ್ನ ಕಡೆ ನೋಡಲಿಲ್ಲ.

ಯಲ್ಲಾಪುರದ ಬಸ್ಸು, ಕಿಟಕಿ ಗಾಜು ಗಡಗಡ, ಅವಳು ಮುಂದಿನ ಸೀಟಿನಲ್ಲಿ, ನಾನು ಹಿಂದೆ ಬೇಕೆಂದೇ, ಒಂದೇ ಊರಿಗೆ ಹೋಗುವ ಎರಡು ಟಿಕೆಟ್ಟು, ಬಂದು ಪಕ್ಕದಲ್ಲಿ ಕೂತು ಬೈದರೆ ಸಾಕಿತ್ತು, ಥೂ ಸಂಜಣ್ಣ ನಿನ್ನ ಬಾಯಿಗೆ ಮಣ್ಣು ಬೀಳ ಅಂದರೆ ಅಷ್ಟಕ್ಕೇ ಹಗುರಾಗುತ್ತಿದ್ದೆ, ಬೈಯಲಿಲ್ಲ, ಫೋನು ನೋಡುತ್ತ ಕೂತಳು. ಅಜ್ಜಿಗೆ ಹೇಳುತ್ತಾಳೆಯೇ, ಹೇಳಲಿಕ್ಕಿಲ್ಲ, ಅವಳು ಅಂಥವಳಲ್ಲ, ಹೇಳದೆ ಇರುತ್ತಾಳೆ ಅನ್ನುವುದೇ ಕೆಟ್ಟದ್ದು, ನಾಳೆ ಅಂಗಳದಲ್ಲಿ ಅಜ್ಜಿಯ ಹತ್ತಿರ ಕೂತು ಎಲೆ ಅಡಿಕೆ ತಿನ್ನುವಾಗಲೂ ಇದನ್ನು ಬಾಯೊಳಗೆ ಇಟ್ಟುಕೊಂಡಿರುತ್ತಾಳೆ, ನನ್ನ ಮರ್ಯಾದೆ ಕಾಯಲು ಅಲ್ಲ, ಅಜ್ಜಿಗೆ ನೋವಾದೀತು ಅಂತ. ಅಜ್ಜಿ ನನ್ನ ಬಗ್ಗೆ ಹೆಮ್ಮೆಯಿಂದ ಏನಾದರೂ ಅಂದರೆ ಇವಳು ತಲೆಯಾಡಿಸಬೇಕಾಗುತ್ತದೆ, ನಾನು ಹೇಳಿದ ಸುಳ್ಳಿಗೆ ಇವಳು ಅಜ್ಜಿಯ ಎದುರು ಕೂಲಿ ಮಾಡಬೇಕು. ಹಿಮ್ಮಡಿ, ಚಳಿಗಾಲದಲ್ಲಿ ಅದಕ್ಕೆ ಎಣ್ಣೆ ಹಚ್ಚುವುದು ನಾನೇ, ಚಿಕ್ಕಂದಿನಿಂದ, ಮೆಲ್ಲಗೆ ಮಗಾ, ಉರೀತದೆ ಅನ್ನುತ್ತಾಳೆ, ಇದರ ಕಾಲನ್ನು ಇಲ್ಲಿಂದ ತೆಗೆಸಿ.

ನಿಲುಗಡೆ ಬಂತು, ಅವಳು ಇಳಿದಳು, ನಾನೂ ಇಳಿದೆ, ಬಸ್ಸು ಹೋದ ಮೇಲೆ ರಸ್ತೆಯಲ್ಲಿ ನಾವಿಬ್ಬರೇ, ಇನ್ನೂ ಬೆಳಕಿದೆ, ಕೇರಿಯ ಕಡೆ ತಿರುಗುವಲ್ಲಿ ಯಾರೋ ಕೋಳಿ ಕರೆಯುತ್ತಿದ್ದಾರೆ, ಈಗ, ಈಗಲೇ, ಇದಕ್ಕಿಂತ ಮುಂದೆ ಹೋದರೆ ಮನೆ ಬರುತ್ತದೆ. ಅನೂ ಅಂತ ಕರೆದೆ. ನಿಂತಳು, ತಿರುಗಿದಳು, ಹೇಳಿ ಅಂದಳು. ಹೇಳಿ. ಅಂಗಾಲಿಗೆ ಮುಳ್ಳು ಚುಚ್ಚಿದರೆ ಸಂಜಣ್ಣಾ ತೆಗಿಯಾ ಅಂತ ಕಾಲು ಚಾಚುತ್ತಿದ್ದ ಹುಡುಗಿ, ಅಂಗಡಿಗೆ ಬಂದವರಿಗೆ ಅನ್ನುವ ಹಾಗೆ ಹೇಳಿ ಅಂದಳು, ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಗೊತ್ತಿಲ್ಲದವರಿಗೆ ಕೊಡುವ ಮರ್ಯಾದೆ, ಗೊತ್ತಿಲ್ಲ ಅಂದವನು ನಾನೇ ಅಲ್ಲವೇ. ನಾ ತಪ್ಪು ಮಾಡ್ದೆ ಅನ್ನಬೇಕು, ನಮ್ಮಜ್ಜಿ ಅನ್ನಲು ನಾಚ್ಕಂಡೆ ಅನ್ನಬೇಕು, ಬರುವ ಭಾನುವಾರ ಎಲ್ಲರೆದುರು ಹೇಳ್ತೆ ಅನ್ನಬೇಕು, ಎಲ್ಲ ಮಾತೂ ಸಾಲಾಗಿ ನಿಂತಿವೆ, ಬಾಯಿ ತೆರೆದೆ, ಎಂತ ಇಲ್ಲೆ ಅಂತ ಬಂತು. ಇಲ್ಲೆ. ನಮ್ಮ ಕೇರಿಯ ತಿರುವಿನಲ್ಲಿ, ನಮ್ಮ ಗದ್ದೆಯ ಬದುವಿನ ಪಕ್ಕದಲ್ಲಿ, ಹುಟ್ಟಿದಾಗಿನಿಂದ ಇಲ್ಲಿ ಆಡಿದ ಮಾತು ಬಿಟ್ಟು ಇಲ್ಲೆ ಅಂದಿತು ನನ್ನ ಬಾಯಿ, ನಾನು ಹೇಳಿಸಿದ್ದಲ್ಲ, ನಾನೇ ಹೇಳಿದ್ದು, ಅನುಶ್ರೀ ಆಯ್ತು ಬರ್ತೆ ಅಂದು ಹೋದಳು, ಹೋಗುತ್ತಿದ್ದಾಳೆ, ನನಗೆ ಕಾಲು ಎತ್ತಲು ಆಗುತ್ತಿಲ್ಲ, ಅಲ್ಲಿ ಜಗಲಿ ಕಾಣುತ್ತಿದೆ, ಅಜ್ಜಿ ಕೂತಿದ್ದಾಳೆ, ದಾರಿಯ ಕಡೆಗೆ ಕಾಲು ಚಾಚಿಕೊಂಡು, ಇಷ್ಟು ದೂರದಿಂದ ಕಾಣುವುದು ಸಾಧ್ಯವಿಲ್ಲ, ಆದರೂ ಕಾಣುತ್ತಿದೆ, ಹಿಮ್ಮಡಿ, ಬಿರಿದ ಹಿಮ್ಮಡಿ, ನನ್ನ ಕಡೆಗೇ, ಹಿಮ್ಮಡಿ —