ಬೀಗರಿಗೆಂದು ಜೋಡಿಸಿದ ಕಲ್ಲು

ಕ್ರಿಸ್‌ಮಸ್ ಹಬ್ಬದ ಸೌನಾ, ಅಂದರೆ ಕಾದ ಕಲ್ಲಿಗೆ ನೀರು ಹೊಯ್ದು ಮಾಡುವ ಹಬೆಸ್ನಾನ, ಯಾರ ಮನೆಯಲ್ಲಿ ಎಂಬುದು ಆ ಭಾನುವಾರ ತೀರ್ಮಾನವಾಗಬೇಕಿತ್ತು. ಇಲ್ಪೋನ ಮಗಳು ಸಾನೆಲ್ಮಾ ಗಂಡ ಮಗುವಿನ ಜೊತೆ ತವರಿಗೆ ಬರಬೇಕು, ಇಲ್ಲವೇ ಮಾವ ಕೌಕೋ ಮನೆಗೆ ಹೋಗಬೇಕು. ಬೀಗರ ಸೌನಾದ ಹಬೆಯ ಖ್ಯಾತಿ ಸರೋವರದ ಆಚೆ ದಡದವರೆಗೂ ಹಬ್ಬಿತ್ತು. ಹಬ್ಬಿಸಿದವರು ಸ್ವತಃ ಬೀಗರೇ ಎನ್ನುವುದು ಬೇರೆ ಮಾತು. ಹೋದ ವರ್ಷ ಮೊಮ್ಮಗಳು ಐಲಿ ಅಲ್ಲಿಗೆ ಹೋದಾಗ ಇಲ್ಪೋಗೆ ಹಬ್ಬದ ಗಂಜಿ ಗಂಟಲಲ್ಲಿ ಇಳಿದಿರಲಿಲ್ಲ.

ಹಾಗಾಗಿ ಈ ಸಲ ತನ್ನ ಸೌನಾದ ಒಲೆಯ ಮೇಲಿನ ಹಳೇ ಕಲ್ಲುಗಳನ್ನೆಲ್ಲ ಕೆಳಗಿಳಿಸಿದ. ಅರ್ಧಕ್ಕರ್ಧ ಕೈಯಲ್ಲೇ ಪುಡಿಯಾದವು. ಹೊಸ ಕಪ್ಪು ಕಲ್ಲು ತಂದು, ಸುತ್ತಿಗೆಯಿಂದ ತಟ್ಟಿ ನೋಡಿ, ಠಣ್ ಎಂದವನ್ನು ಉಳಿಸಿಕೊಂಡ, ಒಡಕು ಸದ್ದಿನವನ್ನು ಎಸೆದ. ಅಲ್ಲಿಗೇ ನಿಲ್ಲಿಸಿದ್ದರೆ ಜಾಣನೆನ್ನಬಹುದಿತ್ತು. ತಿಕ್ಕಿ ತೊಳೆದು, ಒಂದಕ್ಕೊಂದು ಒತ್ತಿ ಕೂರಿಸಿ, ಸಂದುಗಳಿಗೆ ಚೂರು ತುರುಕಿ, ಒಲೆಯ ಮೇಲೆ ಕೋಟೆಯನ್ನೇ ಕಟ್ಟಿದ.

ಹೆಂಡತಿ ಹಿಲ್ಕಾ ಬಾಗಿಲಲ್ಲಿ ನಿಂತು ನೋಡಿದಳು. "ಏನ್ರೀ ಇದು? ಕಲ್ಲಿನ ಮಧ್ಯೆ ಗಾಳಿ ಆಡ್ಬೇಡ್ವಾ? ಸಡಿಲವಾಗಿ ಸುರೀರಿ."

"ಸುರಿಯೋಕೆ ಇದೇನು ಆಲೂಗಡ್ಡೇನಾ? ಬೀಗರು ಇದನ್ನ ನೋಡಿ ಬಾಯ್ ಮುಚ್ಕೋಬೇಕು ಕಣೇ!"

"ಗಂಡಸರು ಸೌನಾದಲ್ಲಿ ಬಾಯಿ ಬಿಟ್ಟಿದ್ದು ಯಾವಾಗ?"

ಭಾನುವಾರ ಇಲ್ಪೋ, ಬೀಗರು, ಅಳಿಯ ಮೂವರೂ ಬೆತ್ತಲೆಯಾಗಿ ಸೌನಾದ ಮೇಲಿನ ಹಲಗೆ ಏರಿ ಕೂತರು. ಒಲೆಯಲ್ಲಿ ಬೆಂಕಿ ಭುಗಿಲೆನ್ನುತ್ತಿತ್ತು. ಆದರೆ ಉಸಿರು ಕಟ್ಟಿದ ಕಲ್ಲುಗಳು ಮೇಲೆ ಬರೀ ಬೆಚ್ಚಗಿದ್ದವು. ಇಲ್ಪೋ ಸೌಟಿನಿಂದ ನೀರು ಹೊಯ್ದ. ಮೈ ಸುಡುವ ಹಬೆ ಏಳಲಿಲ್ಲ. ನೀರು ಕಲ್ಲಿನ ಮೇಲೆ ಹಾಯಾಗಿ ಮಲಗಿತು.

ನಮ್ಮ ಕಡೆ ಸರ್ಕಾರವನ್ನು ಬೈಯಬಹುದು, ಪಾದ್ರಿಯನ್ನೂ ಬೈಯಬಹುದು, ಆತಿಥೇಯನ ಹಬೆಯನ್ನು ಮಾತ್ರ ಹಳಿಯುವಂತಿಲ್ಲ. ಎಲ್ಲರಿಗಿಂತ ಮೊದಲು ಕೆಳಗಿಳಿಯುವಂತೆಯೂ ಇಲ್ಲ. ಮೂವರೂ ಮರ್ಯಾದೆಯಿಂದ ನಡುಗುತ್ತ ಕೂತರು. ನಾಚಿಕೆಯಿಂದಾಗಿ ಇಲ್ಪೋಗೆ ಮಾತ್ರ ಕೊಂಚ ಬೆವರು ಬಂತು.

"ಒಳ್ಳೇ ಹಬೆ ಬೀಗರೇ," ಎಂದರು ಕೌಕೋ, ಹಲ್ಲು ಕಟಕಟಿಸದಂತೆ ಜಾಗ್ರತೆ ವಹಿಸಿ. "ಮೆತ್ತಗಿದೆ."

"ಇನ್ನೊಂದು ಸೌಟು ಹಾಕ್ಲಾ?"

"ಹಾಕಿ, ಹಾಕಿ. ಸಂಕೋಚ ಯಾಕೆ?"

ಹಬ್ಬ ಕೈತಪ್ಪಿತೆಂದು ಇಲ್ಪೋಗೆ ಖಾತ್ರಿಯಾಯಿತು. ಹೆಂಗಸರ ಸರದಿ ಮುಗಿಯುವವರೆಗೂ ಬೀಗರ ಜೊತೆ ಜಗಲಿಯಲ್ಲಿ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದ. ಕೊನೆಗೆ ಸಾನೆಲ್ಮಾ ಹೊರಬಂದಳು. ಕಂಕುಳಲ್ಲಿದ್ದ ಐಲಿ ಮತ್ತೆ ಒಳಗೆ ಹೋಗಬೇಕೆಂದು ರಚ್ಚೆ ಹಿಡಿದಿದ್ದಳು.

"ಅಪ್ಪಾ, ನಮ್ಮ ಮಾವನ ಸೌನಾದಲ್ಲಿ ಇವಳು ಬಿಸಿಗೆ ಹೆದರಿ ಹೊಸಿಲಲ್ಲೇ ಚೀರ್ತಾಳೆ. ಇಲ್ಲಿ ಹಲಗೆ ಬಿಟ್ಟು ಇಳಿಯಲ್ಲ ಅಂತಾಳೆ! ಹಬ್ಬಕ್ಕೆ ಇಲ್ಲಿಗೇ ಬರ್ತೀವಿ. ಆ ಕಲ್ಲು ಮಾತ್ರ ಮುಟ್ಬೇಡ."

"ಹೌದು ಹೌದು," ಎಂದರು ಕೌಕೋ, ಮುಖ ಅರಳಿಸಿ. "ಹಾಲು ಕುಡಿಯೋ ಮಕ್ಕಳಿಗೆ ನಿಮ್ಮ ಸೌನಾನೇ ಸರಿ. ಊರಿಗೆಲ್ಲ ನಾನೇ ಹೇಳ್ತೀನಿ ಬಿಡಿ."

ಇಲ್ಪೋಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಷ್ಟರಲ್ಲಿ ಐಲಿ ಅವನ ತೊಡೆಯೇರಿ ಕೂತಳು. ಕಲ್ಲುಗಳು ಇದ್ದಲ್ಲೇ ಉಳಿದವು.

ಹಬ್ಬದ ದಿನ ಅವನು ಟವೆಲನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೋಗಿ, ಪಕ್ಕದ ಮನೆಯ ಸೌನಾದಲ್ಲಿ ಆಸೆ ತೀರುವಷ್ಟು ಮೈ ಕಾಯಿಸಿಕೊಂಡು ಬಂದ. ಆಮೇಲೆ ತನ್ನದರಲ್ಲಿ ಮೊಮ್ಮಗಳ ಪಕ್ಕ ಕೂತು, ಅವಳು ಸೌಟಿನಿಂದ ನೀರು ಚೆಲ್ಲಿದಾಗಲೆಲ್ಲ, "ಅಯ್ಯಯ್ಯೋ, ಸುಟ್ಟೇಹೋದೆ ಪುಟ್ಟೀ!" ಎಂದು ಕೂಗಿದ.