ಕ್ಯಾಚರ್ ಅಭಯಚಂದ್ರ

"ಇದರಲ್ಲಿ ಎಲ್ಲಿಯೋ ಒಂದು ತೂತು ಉಂಟು," ಎಂದ ಅರಿಹಂತ್. ಲ್ಯಾಪ್‌ಟಾಪಿನ ಎದುರಿನಿಂದ ಎದ್ದು ಕಿಟಕಿಗೆ ಹೋದ, ಪಾಣೆಮಂಗಳೂರಿನ ಸೇತುವೆಯ ಕಡೆ ನೋಡಿದ, ನೋಡಿದ್ದೇನೆಂದು ತನಗೇ ತಿಳಿಯದೆ ಮತ್ತೆ ಬಂದು ಕೂತ. ಬಾಲ ಸುಟ್ಟ ಬೆಕ್ಕಿನ ಹಾಗೆ ಅವನ ಈ ಓಡಾಟ ಮಧ್ಯಾಹ್ನದ ಊಟದಿಂದಲೇ ಶುರುವಾಗಿತ್ತು.

ಅಲಸಂಡೆ ಮುರಿಯುತ್ತಿದ್ದ ಹೆಂಡತಿ ಮೇಘಾ ತಲೆ ಎತ್ತಲಿಲ್ಲ. "ಭಾನುವಾರ ಒಂದು ದಿನ ಅಂಗಡಿಗೆ ರಜೆ. ಅದರಲ್ಲೂ ಆ ಆಟ. ಎಂತ ಆಯ್ತು ಹೇಳಿ ಮಾರಾಯ್ರೆ, ನೋಡಿ ನೋಡಿ ನನಗೆ ತಲೆ ತಿರುಗ್ತದೆ."

"ರಿಷಭ ಅವನ ಎಡಗೈ ಪಿಚರನನ್ನು ನನಗೆ ಕೊಡ್ತಾನಂತೆ. ಇಡೀ ಲೀಗಿನಲ್ಲೇ ಅಂಥ ಚೆಂಡು ಎಸೆಯುವವ ಇಲ್ಲ."

ಮೇಘಾಳ ಕೈ ನಿಂತಿತು. ಆಟದ ಗಂಧಗಾಳಿ ಅವಳಿಗಿಲ್ಲ. ಆದರೆ ಗಂಡನೂ ಅವನ ತಮ್ಮ ರಿಷಭನೂ ಮಾತು ಬಿಟ್ಟು ಎರಡು ವರ್ಷವಾಯಿತೆಂಬುದು ಗೊತ್ತು. "ಬದಲಿಗೆ ಎಂತ ಬೇಕಂತೆ?"

ಅರಿಹಂತ್ ಎದ್ದು ಮತ್ತೆ ಕಿಟಕಿಗೆ ಹೋದ.

ಅಣ್ಣತಮ್ಮಂದಿರಿಬ್ಬರೂ ಜೀವಮಾನದಲ್ಲಿ ಬೇಸ್‌ಬಾಲಿನ ದಾಂಡು ಮುಟ್ಟಿದವರಲ್ಲ. ಲಾಕ್‌ಡೌನಿನಲ್ಲಿ ಬಂಟ್ವಾಳ ಪೇಟೆಯ ಪಾತ್ರೆ ಅಂಗಡಿಗೆ ಬೀಗ ಬಿದ್ದಾಗ, ಹೊತ್ತು ಹೋಗದೆ ರಿಷಭ್ ಎಲ್ಲಿಂದಲೋ ಈ ಕಂಪ್ಯೂಟರ್ ಆಟ ತಂದಿದ್ದ. ಇದರಲ್ಲಿ ಓಡುವುದಿಲ್ಲ, ಹೊಡೆಯುವುದಿಲ್ಲ. ನೀವು ಬರೀ ತಂಡದ ಯಜಮಾನರು: ಯಾರನ್ನು ಆಡಿಸುವುದು, ಯಾರನ್ನು ಬೆಂಚಿನಲ್ಲಿ ಕೂರಿಸುವುದು, ಯಾರನ್ನು ಕೊಟ್ಟು ಯಾರನ್ನು ತರುವುದು, ಇಷ್ಟೇ. ಹಳೆ ತಾಮ್ರ ತೆಗೆದುಕೊಂಡು ಹೊಸ ಸ್ಟೀಲು ಕೊಡುವ ಅಂಗಡಿಯಲ್ಲಿ ಬೆಳೆದವರಿಗೆ ವಿನಿಮಯ ಕಲಿಸಬೇಕೇ! ಮುಖ ಕಾಣದ ಯಾವ್ಯಾವುದೋ ದೇಶದವರಿದ್ದ ಆನ್‌ಲೈನ್ ಲೀಗಿನಲ್ಲಿ ಇಬ್ಬರೂ ಒಂದೊಂದು ತಂಡ ಕಟ್ಟಿದರು.

ನಮ್ಮದೇ ಹೆಸರಿನ ಆಟಗಾರನನ್ನು ಸೃಷ್ಟಿಸಲಿಕ್ಕೆ ಅದರಲ್ಲಿ ಅವಕಾಶ ಉಂಟು. ರಿಷಭ್ ನಗುನಗುತ್ತಾ ಅಪ್ಪನ ಹೆಸರು ಹಾಕಿದ: ಅಭಯಚಂದ್ರ, ಕ್ಯಾಚರ್. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನು ಕ್ಯಾಚರ್. ಅಪ್ಪ ಅಂಗಡಿಯಲ್ಲಿ ಕುರ್ಚಿ ಬಿಟ್ಟು ಹಂಡೆ, ಕೊಪ್ಪರಿಗೆಗಳ ನಡುವೆ ಕೂರುತ್ತಿದ್ದದ್ದೂ ಹಾಗೆಯೇ. ಗಿರಾಕಿ ಬಂದರೆ ಬೆರಳಿನ ಗೆಣ್ಣಿನಿಂದ ಪಾತ್ರೆಗೆ ಬಡಿದು, ಸದ್ದು ಕೇಳಿ, ಒಳ್ಳೆಯದನ್ನು ಎತ್ತಿ ಕೊಡುವುದು ಅವರ ಕ್ರಮ. "ಅಪ್ಪ ಹಿರಿಯವನಿಗೆ," ಎಂದು ಅರಿಹಂತ್ ಆ ಆಟಗಾರನನ್ನು ತನ್ನ ತಂಡಕ್ಕೆ ಸೇರಿಸಿಕೊಂಡಿದ್ದ.

ಆಮೇಲೆ ಆದದ್ದು ಎಲ್ಲ ಮನೆಗಳಲ್ಲಿ ಆಗುವಂಥದ್ದೇ. ತಮ್ಮ ಪಾಲು ಕೇಳಿದ, ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ತನ್ನದೇ ಪಾತ್ರೆ ಅಂಗಡಿ ಹಾಕಿದ. ಎಣ್ಣೆ ಸೀಗೆಕಾಯಿಯಾದರು. ಲೀಗು ಮಾತ್ರ ಇಬ್ಬರೂ ಬಿಡಲಿಲ್ಲ. ಹೋದ ವರ್ಷ ಅಪ್ಪ ಅಂಗಡಿಯ ಅಟ್ಟದ ಏಣಿಯಿಂದ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೂ ಅರಿಹಂತ್ ಹೆದರಿಬಿಟ್ಟ. "ಇನ್ನು ಅಂಗಡಿ ಬೇಡ, ಆರಾಮ ಮನೆಯಲ್ಲಿರಿ," ಎಂದ. ಅಪ್ಪನಿಗೆ ಆರಾಮ ಎಲ್ಲಿಂದ ಬರಬೇಕು? ಗೇಟಿನಿಂದ ಜಗಲಿಗೆ, ಜಗಲಿಯಿಂದ ಗೇಟಿಗೆ ನಡೆದದ್ದೇ ನಡೆದದ್ದು. "ಮಾವ ಇವತ್ತು ಕುಕ್ಕರಿಗೂ ಬಡಿದು ನೋಡಿದ್ರು," ಎಂದು ಮೇಘಾ ಒಮ್ಮೆ ನಗಲಿಕ್ಕೆ ಹೋಗಿ ಅರ್ಧಕ್ಕೇ ಸುಮ್ಮನಾಗಿದ್ದಳು.

ಈಗ ಆ ಎಡಗೈ ಪಿಚರನ ಬದಲಿಗೆ ರಿಷಭ್ ಕೇಳಿದ್ದು ಕ್ಯಾಚರ್ ಅಭಯಚಂದ್ರನನ್ನು. ಆಟದೊಳಗೂ ವರ್ಷಗಳು ಓಡಿ ಅವನಿಗೆ ಪ್ರಾಯವಾಗಿತ್ತು, ಮೊಣಕಾಲು ಸವೆದಿತ್ತು, ಈ ಸೀಸನ್ ಪೂರ್ತಿ ಬೆಂಚಿನಲ್ಲೇ ಇದ್ದ. ಅಂಥವನಿಗೆ ಅಂಥ ಪಿಚರ್! ಅರಿಹಂತ್ ಪಿಚರನ ಭುಜ ನೋಡಿದ, ಹಳೆ ಗಾಯಗಳನ್ನು ನೋಡಿದ, ಕರಾರು ನೋಡಿದ. ತಮ್ಮ ಕೊಟ್ಟ ತಪ್ಪಲೆಯಲ್ಲಿ ಬಿರುಕು ಹುಡುಕಿದ ಹಾಗೆ ಹುಡುಕಿದ, ಸಿಗಲಿಲ್ಲ. ಅವನು ಬಂದರೆ ಈ ಸಲ ಲೀಗಿನ ಕಪ್ ತನ್ನದೇ. ಇಷ್ಟು ವರ್ಷ ಅದು ಕೈಗೆ ಬಂದು ಬಾಯಿಗೆ ಬಾರದ ತುತ್ತಾಗಿತ್ತು. ವಿನಿಮಯಕ್ಕೆ ಸಂಜೆ ಆರೂವರೆಯ ಗಡುವು. ಕೆಳಗೆ ಒಂದು ಸಾಲಿನ ಒಕ್ಕಣೆ: "ಅಣ್ಣ, ನಾನು ಆಡಿಸ್ತೇನೆ."

"ಆಡಿಸ್ತಾನಂತೆ! ಇವ ದೊಡ್ಡ ಜನ!" ಅರಿಹಂತ್ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ, ಮರುಕ್ಷಣವೇ ತೆರೆದ. "ನಾನೇನು ಅಪ್ಪನಿಗೆ ಗಂಜಿ ಹಾಕದೆ ಇಟ್ಟಿದ್ದೇನಾ?"

"ಓ, ಮೊನ್ನೆ ನಿಮ್ಮ ತಮ್ಮ ನನಗೆ ಫೋನಿನಲ್ಲಿ ಹೇಳಿದ್ದೇ ಇದು," ಎಂದಳು ಮೇಘಾ. "ಮಾವ ಮೂಡುಬಿದಿರೆಗೆ ಬರ್ಲಿ, ಬೆಳಿಗ್ಗೆ ಹೊತ್ತು ಅಂಗಡಿಯಲ್ಲಿ ಕೂರ್ಲಿ, ಏಣಿ ಹತ್ಲಿಕ್ಕೆ ಬಿಡುದಿಲ್ಲ ಅಂತ. ನಾನು ಹೇಳಿದ್ರೆ ನೀವು ಕೇಳ್ಲೇ ಇಲ್ಲ."

"ಊರವರು ಎಂತ ಹೇಳಿಯಾರು? ಹಿರಿಮಗ ಅಪ್ಪನನ್ನು ತಮ್ಮನ ಮನೆಗೆ ದಾಟಿಸಿದ ಅಂತ ಬಂಟ್ವಾಳ ಪೇಟೆ ಇಡೀ ನಗ್ತದೆ."

"ಪೇಟೆಯವರು ಬಂದು ಮಾವನ ಜೊತೆ ಗೇಟಿನವರೆಗೆ ನಡೀತಾರಾ?"

ಅಷ್ಟರಲ್ಲಿ ಅಭಯಚಂದ್ರರೇ ಒಳಗೆ ಬಂದರು. ಜಗಲಿಯಿಂದ ಎಷ್ಟು ಕೇಳಿಸಿಕೊಂಡಿದ್ದರೋ ದೇವರಿಗೇ ಗೊತ್ತು. ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಗ್ಗಿದರು.

"ಇದು ಅದೇ ದಾಂಡಿನ ಆಟವಾ? ನನ್ನ ಹೆಸರು ಉಂಟಲ್ಲ ಇಲ್ಲಿ."

"ಹೌದು ಅಪ್ಪ. ಅದು ನೀವೇ."

"ಬಾಕಿಯವರೆಲ್ಲ ಮೇಲೆ ಇದ್ದಾರೆ. ನನ್ನದು ಯಾಕೆ ಕೆಳಗೆ, ಬೂದಿ ಬಣ್ಣದಲ್ಲಿ?"

"ಅದು ಬೆಂಚು. ಪ್ರಾಯ ಆಯ್ತಲ್ಲ. ಮೊಣಕಾಲು ಬೇರೆ..."

"ಆಡ್ಸುದೇ ಇಲ್ವಾ?"

"ಈ ಸೀಸನ್ ಇಲ್ಲ."

ಅಭಯಚಂದ್ರರು ಸ್ವಲ್ಪ ಹೊತ್ತು ಆ ಬೂದಿ ಬಣ್ಣದ ಹೆಸರನ್ನೇ ನೋಡಿದರು. "ಮತ್ತೆ ಎಂತಕ್ಕೆ ಇಟ್ಟುಕೊಂಡದ್ದು ಮಾರಾಯ?" ಎಂದರು. ಸಿಟ್ಟಿನಿಂದಲ್ಲ. ಅಂಗಡಿಯ ಮೂಲೆಯಲ್ಲಿ ಮಾರಾಟವಾಗದ ಪಾತ್ರೆ ಕಂಡರೆ ಹುಡುಗರನ್ನು ಹೀಗೆಯೇ ಕೇಳುತ್ತಿದ್ದರು.

ಅರಿಹಂತನಿಗೆ ಕಿವಿ ಬೆಚ್ಚಗಾಯಿತು. ಹೇಳಬಾರದೆಂದುಕೊಂಡದ್ದೇ ಬಾಯಿಗೆ ಬಂದುಬಿಟ್ಟಿತು. "ರಿಷಭ ಕೇಳ್ತಿದ್ದಾನೆ, ನಿಮ್ಮನ್ನು."

"ನನ್ನನ್ನಾ? ಬದಲಿಗೆ ಎಂತ ಕೊಡ್ತಾನೆ?"

"ಅವನ ಹತ್ರ ಇರುವವರಲ್ಲಿ ಎಲ್ಲರಿಗಿಂತ ಒಳ್ಳೆಯವನನ್ನು."

"ಈ ಮುದುಕನಿಗೆ? ಮಂಡೆ ಸಮ ಉಂಟಾ ಅವನಿಗೆ!" ಅಭಯಚಂದ್ರರು ನಕ್ಕರು. ನಗು ಹೊಟ್ಟೆಯಿಂದ ಎದ್ದು ಬಂತು, ಹೆಗಲು ಕುಲುಕಿತು, ಕನ್ನಡಕ ಜಾರಿತು. "ಕೇಳಿದೆಯಾ ಮೇಘಾ? ಅಷ್ಟು ಕ್ರಯ ಉಂಟಂತೆ ನನಗೆ, ಮೂಡುಬಿದಿರೆಯಲ್ಲಿ!"

ಅಪ್ಪ ಹೀಗೆ ನಕ್ಕು ಎಷ್ಟು ಕಾಲವಾಯಿತು? ಅರಿಹಂತ್ ನೆನಪು ಮಾಡಿಕೊಂಡ, ಏಣಿಯಿಂದ ಬಿದ್ದ ಮೇಲೆ ಒಮ್ಮೆಯೂ ಇಲ್ಲ. ಅವನಿಗೆ ನಾಚಿಕೆಯಾಯಿತು. ತಮ್ಮನ ಮೇಲೆ ಹೊಟ್ಟೆಕಿಚ್ಚೂ ಆಯಿತು.

"ಬನ್ನಿ, ಹೊತ್ತು ಕಂತುವ ಮೊದಲು ಉಣ್ಣುವ," ಎಂದು ಮೇಘಾ ಕರೆದಳು. ಬಸದಿಗೆ ಹೋಗುವುದು ತಪ್ಪಿದರೂ ಜೈನರ ಆ ಮನೆಯಲ್ಲಿ ಕತ್ತಲಾದ ಮೇಲೆ ತುತ್ತು ಎತ್ತುವ ಕ್ರಮ ಇಲ್ಲ. ಅಭಯಚಂದ್ರರು ಕೈ ತೊಳೆಯಲಿಕ್ಕೆ ಹೋದರು. ಇನ್ನೂ ನಗುತ್ತಲೇ ಇದ್ದರು.

ಅರಿಹಂತ್ ಏಳಲಿಲ್ಲ. ಗಡುವಿಗೆ ಸ್ವಲ್ಪವೇ ಹೊತ್ತು ಉಳಿದಿತ್ತು. 'ಒಪ್ಪಿಗೆ' ಒತ್ತಿದರೆ ಪಿಚರ್ ಬರುತ್ತಾನೆ, ಕಪ್ಪೂ ಬರುತ್ತದೆ. ಬೆರಳು ಅಲ್ಲಿಯವರೆಗೆ ಹೋಯಿತು, ಹಿಂದೆ ಬಂತು. ಎದ್ದ, ಕೂತ. ತಮ್ಮನನ್ನು ಮನಸ್ಸಿನಲ್ಲೇ ಬೈದ. ಆಮೇಲೆ ಎಡಗೈ ಪಿಚರನ ಹೆಸರನ್ನು ವಿನಿಮಯದ ಪಟ್ಟಿಯಿಂದ ತೆಗೆದುಹಾಕಿದ. ಈಗ ಒಂದು ಬದಿಯಲ್ಲಿ ಕ್ಯಾಚರ್ ಅಭಯಚಂದ್ರ ಮಾತ್ರ ಉಳಿದ, ಇನ್ನೊಂದು ಬದಿ ಖಾಲಿ. ಈ ವ್ಯವಹಾರದಲ್ಲಿ ನಿಮಗೇನೂ ಸಿಗುವುದಿಲ್ಲ, ಖಚಿತವೇ ಎಂದು ಆಟ ಕೇಳಿತು. ವ್ಯಾಪಾರಿಯ ಮಗ ಅರಿಹಂತ್ ಹೌದೆಂದು ಒತ್ತಿದ.

ಅವನು ಊಟಕ್ಕೆ ಕೂತು ಮೊದಲ ತುತ್ತು ಕಲಸುವಾಗ ಫೋನು ಬಂತು. ಪರದೆಯ ಮೇಲಿನ ಹೆಸರನ್ನು ಮೂವರೂ ನೋಡಿದರು. ಅರಿಹಂತ್ ಎಡಗೈಯಲ್ಲಿ ಎತ್ತಿ ಕಿವಿಗಿಟ್ಟ.

"ಅಣ್ಣ," ಎಂದಿತು ಆ ಕಡೆಯ ದನಿ, "ಸುಮ್ಮನೆ ಯಾಕೆ ಕೊಟ್ಟದ್ದು?"

ಅರಿಹಂತ್ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. "ನೀನು ಬೆಳಿಗ್ಗೆ ಅಂಗಡಿ ಎಷ್ಟು ಗಂಟೆಗೆ ತೆಗೀತಿ?"

ಎದುರಿಗೆ ಕೂತಿದ್ದ ಅಭಯಚಂದ್ರರು ಮಗನ ಮುಖವನ್ನೂ ಸೊಸೆಯ ಮುಖವನ್ನೂ ನೋಡಲಿಲ್ಲ. ತಟ್ಟೆಯ ಪಕ್ಕದ ಕಂಚಿನ ಲೋಟದ ನೀರನ್ನು ಪೂರ್ತಿ ಕುಡಿದು, ಖಾಲಿ ಲೋಟವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದರು. ಅದರ ಸದ್ದು ನಿಲ್ಲುವವರೆಗೆ ಕಿವಿಗೊಟ್ಟು ಕೂತರು.